ಮ್ಯಾನೇಜರರ ಮಣ್ಣಿನ ಕುತ್ತಿಗೆ

ಹನ್ನೊಂದನೆಯ ಲೋಟಕ್ಕೆ ರಾಗಿಗಂಜಿ ಬಗ್ಗಿಸುತ್ತಿದ್ದಾಗ ಗಂಗಾಮಣಿಯ ಕಣ್ಣು ಕಿಟಕಿಯ ಕಟ್ಟೆಗೆ ಹೋಯಿತು. ಗೊಂಬೆ ಇರಲಿಲ್ಲ. ಗಂಜಿ ಲೋಟ ತುಂಬಿ, ನೆಲಕ್ಕಿಳಿದು, ಕಾಲ್ಬೆರಳು ಸುಟ್ಟ ಮೇಲೆಯೇ ಕೈಯಲ್ಲಿ ಪಾತ್ರೆ ಇರುವುದು ಅವಳಿಗೆ ನೆನಪಾದದ್ದು.

ಯಸಳೂರಿನ ಆಚೆಯ ಆ ಎಸ್ಟೇಟಿನಲ್ಲಿ, ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುವ ಆಯಾ ಅವಳು. ಆ ಕೆಲಸದ ಜೊತೆಗೆ ಬಂದದ್ದು ಕೂಲಿಯವರ ಲೈನಿನ ಕೊನೆಯ ಮನೆ. ಒಂದು ಹೋದರೆ ಇನ್ನೊಂದೂ ಹೋಗುತ್ತಿತ್ತು.

ಗೊಂಬೆಯ ತಪ್ಪು ಮಾತ್ರ ಇಂಗ್ಲೆಂಡಿನದು. ಕಾಫಿ ನೋಡಲು ಬಂದು ಒಂದು ವಾರ ಇದ್ದ ದೊರೆಯೊಬ್ಬ ಹೋಗುವಾಗ ಮ್ಯಾನೇಜರ್ ದೇವೇಂದ್ರನ ಹೆಂಡತಿ ಬಿಂದುಶ್ರೀಗೆ ಒಂದು ವಿಡಿಯೋ ಕ್ಯಾಸೆಟ್ ಕೊಟ್ಟಿದ್ದ. ಭಾನುವಾರ ಮ್ಯಾನೇಜರು ಸಕಲೇಶಪುರಕ್ಕೆ ಹೋದ ಹೊತ್ತಿನಲ್ಲಿ ಇಬ್ಬರು ಹೆಂಗಸರೂ ಬಾಗಿಲು ಹಾಕಿಕೊಂಡು ಅದನ್ನು ನೋಡಿದರು. ಮಣ್ಣಿನ ಗೊಂಬೆಗಳೇ ಓಡಾಡುವ ಸಿನಿಮಾ ಅದು: ಮಣ್ಣಿನ ಅಂಚೆಯವನು, ಅವನನ್ನು ಬೀದಿತುಂಬ ಅಟ್ಟಾಡಿಸುವ ಮಣ್ಣಿನ ಬಾತುಕೋಳಿ. ಅಂಚೆಯವನು ಹೆದರಿ ಅಂಚೆಪೆಟ್ಟಿಗೆಯೊಳಗೇ ಅಡಗಿ ಕುಳಿತರೆ, ಬಾತುಕೋಳಿ ಕೊಕ್ಕಿನಲ್ಲಿ ಕಾಗದ ತಂದು ಅವನ ತಲೆಯ ಮೇಲೇ ಹಾಕಿತು. ಪಿಯುಸಿ ಓದಿದ್ದ ಬಿಂದುಶ್ರೀಗೆ ಅವರ ಇಂಗ್ಲಿಷು ಅರ್ಧ ತಿಳಿಯಲಿಲ್ಲ, ಗಂಗಾಮಣಿಗೆ ಪೂರ್ತಿ ತಿಳಿಯಲಿಲ್ಲ. ಆದರೂ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆದರಿದವನ ಮುಖಕ್ಕೆ ಯಾವ ಭಾಷೆ ಬೇಕು? ಬಿಂದುಶ್ರೀ ನಕ್ಕದ್ದನ್ನು ಗಂಗಾಮಣಿ ಆ ಮನೆಯಲ್ಲಿ ಕೇಳಿದ್ದು ಅದೇ ಮೊದಲು.

"ಅಕ್ಕಾ, ಅವ್ನ ಕೆನ್ನೆ ನೋಡಿ. ಹೆಬ್ಬೆಟ್ಟಿನ ಗುರುತು ಐತೆ! ನಾವು ಅಕ್ಕಿರೊಟ್ಟಿ ತಟ್ಟಿದಾಗ ಉಳೀತದಲ್ಲ, ಹಂಗೆ."

ಸಮುದ್ರದಾಚೆಯೂ ಯಾರೋ ಕೂತು ಮಣ್ಣು ತಟ್ಟುತ್ತಾರೆ ಎಂಬುದು ಗಂಗಾಮಣಿಯ ತಲೆಯಿಂದ ಹೋಗಲೇ ಇಲ್ಲ. ಹಳ್ಳದ ಜೇಡಿ ತಂದು ಮಕ್ಕಳಿಗಾಗಿ ತಾನೂ ಒಂದು ಅಂಚೆಯವನನ್ನು ಮಾಡಿದಳು. ಮೂಗು ದಪ್ಪವಾಯಿತು, ಹೊಟ್ಟೆ ಮುಂದೆ ಬಂತು. ನೋಡನೋಡುತ್ತ ಅಂಚೆಯವನು ಮ್ಯಾನೇಜರ್ ದೇವೇಂದ್ರನೇ ಆಗಿಬಿಟ್ಟ. ತಲೆ ನಿಲ್ಲದೆ ವಾಲುತ್ತಿತ್ತು, ಅದಕ್ಕೆ ಕುತ್ತಿಗೆಗೆ ಒಂದು ಕಾಫಿಕಡ್ಡಿ ಚುಚ್ಚಿದಳು. ತುಟಿಗೆ ಎಲೆಅಡಿಕೆಯ ಕೆಂಪು ಬಳಿದಳು. ಮಕ್ಕಳು ಬಿದ್ದು ಬಿದ್ದು ನಕ್ಕವು. ಅದು ನಿನ್ನೆ ಸಂಜೆ.

ಈಗ ಪಕ್ಕದ ಮನೆಯ ಚೆಲುವಮ್ಮ ಏದುಸಿರು ಬಿಡುತ್ತ ಬಂದಳು.

"ಗಂಗಕ್ಕಾ, ಕೇಳಿದ್ರಾ? ಮ್ಯಾನೇಜ್ರಿಗೆ ಯಾರೋ ಮಾಟ ಮಾಡ್ಬುಟ್ಟವ್ರೆ ಕಣ್ರೀ! ಮಂಚದ ಕೆಳಗೆ ಗೊಂಬೆ ಸಿಕ್ಕೈತೆ. ಕುತ್ತಿಗೆಗೆ ಕಡ್ಡಿ ಹೊಡ್ದವ್ರೆ. ಬಾಯ್ತುಂಬ ರಕ್ತ!"

"ರಕ್ತ ಅಲ್ಲ, ಎಲೆ..."

"ಏನಂದ್ರಿ?"

"ಎಲೆಅಡಿಕೆ ಐತಾ ಅಂತ ಕೇಳ್ದೆ."

"ನಿಮ್ಗೆ ಈಗ ಎಲೆಅಡಿಕೆ! ಅಲ್ಲಿ ಅವ್ರ ಕುತ್ತಿಗೆ ಬೆಳಿಗ್ಗೆಯಿಂದ ಎಡಕ್ಕೇ ನಿಂತೋಗೈತೆ. ಬಲಕ್ಕೆ ನೋಡ್ಬೇಕಂದ್ರೆ ಪೂರ್ತಿ ಆಸಾಮಿನೇ ತಿರುಗ್ಬೇಕು, ಲಾರಿ ತಿರುಗ್ಸಿದಂಗೆ. ಮಾಡ್ದೋರನ್ನ ಸಂಜೆಯೊಳಗೆ ಲೈನ್ ಬಿಡಿಸ್ತೀನಿ ಅಂತ ಕೂಗ್ತಾವ್ರೆ."

ಗಂಗಾಮಣಿ ಗಂಜಿಯ ಪಾತ್ರೆ ಕೆಳಗಿಟ್ಟಳು. ಓಡಿಹೋಗಿ ನಿಜ ಹೇಳಿಬಿಡೋಣವೆಂದರೆ, ಕುತ್ತಿಗೆ ಹಿಡಿದುಕೊಂಡಿರುವ ಮನುಷ್ಯನಿಗೆ ಅದು ಬರಿಯ ಆಟ ಎಂದು ಯಾವ ಬಾಯಲ್ಲಿ ಹೇಳುವುದು?

ಮಧ್ಯಾಹ್ನ ಊಟಕ್ಕೆ ಬಂದ ಗಂಡ ಗುಂಡಯ್ಯ ಮುದ್ದೆ ಮುರಿಯುತ್ತ ಹೇಳಿದ, "ಅದ್ನ ಮಾಡ್ದೋರ ಕೈ ಕೊಳ್ತೋಗ್ಬೇಕು." ಅದೇ ಕೈಯಿಂದ ಅವಳು ಅವನಿಗೆ ಸಾರು ಬಡಿಸಿದಳು. ಸಾರು ತಟ್ಟೆ ಬಿಟ್ಟು ಅವನ ಮಡಿಲಿಗೆ ಬಿತ್ತು.

"ನಿಂಗೇನಾಗೈತೆ ಮಾರಾಯ್ತಿ? ಊರಿಗೆಲ್ಲ ಗೊತ್ತಾಗೈತೆ. ಲೆಕ್ಕ ಬರೆಯೋ ರೈಟರ್ ಲಿಂಗಪ್ಪ ಗೊಂಬೆ ಕೆನ್ನೆ ಮೇಲೆ ಹೆಬ್ಬೆಟ್ಟು ಕಂಡುಹಿಡ್ದವ್ನೆ. ನಾಲ್ಕು ಗಂಟೆಗೆ ಸ್ಟೋರ್ ಮುಂದೆ ಎಲ್ಲರ ಬೆರಳೂ ಒತ್ತಿಸ್ತಾರಂತೆ."

ಅವನು ಹೋದದ್ದೇ ತಡ, ಗಂಗಾಮಣಿ ಹಿತ್ತಲಿನ ಒರಳುಕಲ್ಲಿಗೆ ಹೆಬ್ಬೆರಳು ಉಜ್ಜಲು ಶುರುಮಾಡಿದಳು. ಗೆರೆ ಹೋಗುವ ಮೊದಲೇ ಚರ್ಮ ಹೋಯಿತು. ಬಟ್ಟೆ ಸುತ್ತಿಕೊಂಡು ಸ್ಟೋರಿನ ಮುಂದೆ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.

"ಬೆರಳಿಗೇನಾಯ್ತ್ರೀ?" ಚೆಲುವಮ್ಮ ಇಡೀ ಸಾಲಿಗೆ ಕೇಳುವ ಹಾಗೆ ಕೇಳಿದಳು.

"ಕಾಯಿ ತುರೀವಾಗ..."

"ಮನೇಲಿ ಒಂದು ಕಾಯೂ ಇಲ್ಲ ಅಂತ ಬೆಳಿಗ್ಗೆ ಅಂದ್ರಲ್ಲ?"

ನಾಲ್ಕಾರು ತಲೆ ಹಿಂದಕ್ಕೆ ತಿರುಗಿದವು. ಗಂಗಾಮಣಿ ಬಟ್ಟೆ ಸುತ್ತಿದ ಬೆರಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಲಿಂಗಪ್ಪ ಮೇಜಿನ ಮೇಲೆ ಗೊಂಬೆ ಇಟ್ಟು, ಕಾಫಿಕಾಯಿಯ ಹುಳ ನೋಡುವ ಭೂತಗನ್ನಡಿ ಹಿಡಿದು ಕುಳಿತಿದ್ದ. ಬೆರಳುಗಳು ಒಂದೊಂದೇ ಮುಗಿದವು. ಮುದುಕಿ ಹುಲಿಯಮ್ಮ ಇಂಕಿನ ಪ್ಯಾಡಿಗೆ ಅಂಗೈಯನ್ನೇ ಒತ್ತಿಬಿಟ್ಟಳು. ಆಮೇಲೆ ಸಾಲಿನಲ್ಲಿ ಉಳಿದವಳು ಗಂಗಾಮಣಿ ಒಬ್ಬಳೇ.

"ಹಿಂಗಲ್ಲ ಕಣಮ್ಮ!" ಎಂದು ದೇವೇಂದ್ರ ಹುಲಿಯಮ್ಮನ ಮೇಲೆ ಗುಡುಗಿದ. ಕುತ್ತಿಗೆ ತಿರುಗದ್ದರಿಂದ ಆ ಗುಡುಗು ಅವಳ ಪಕ್ಕದ ಕಂಬಕ್ಕೆ ಬಿತ್ತು. "ಹೀಗೆ ಒತ್ತಬೇಕು!" ಎಂದು ತನ್ನ ಹೆಬ್ಬೆರಳನ್ನೇ ಪ್ಯಾಡಿಗೆ ಅದ್ದಿ ಕಾಗದದ ಮೇಲೆ ಒತ್ತಿ ತೋರಿಸಿದ.

ಲಿಂಗಪ್ಪ ಅಭ್ಯಾಸಬಲದಿಂದ ಅದಕ್ಕೂ ಭೂತಗನ್ನಡಿ ಹಿಡಿದ. ಗೊಂಬೆ ನೋಡಿದ. ಕಾಗದ ನೋಡಿದ. ಅವನ ಬಾಯಿ ಮೆಲ್ಲಗೆ ತೆರೆದುಕೊಂಡಿತು.

"ಸಾರ್... ಇದು ನಿಮ್ಮದೇ ಐತೆ."

ಬೆಳಿಗ್ಗೆ ಮಂಚದ ಕೆಳಗಿಂದ ಎತ್ತಿದಾಗ ಹಸಿಮಣ್ಣಿನ ಕೆನ್ನೆಯನ್ನು ಗಟ್ಟಿಯಾಗಿ ಅಮುಕಿದವನು ಮ್ಯಾನೇಜರೇ. ಅದು ಯಾರಿಗೂ ಹೊಳೆಯಲಿಲ್ಲ. "ತನಗೆ ತಾನೇ ಮಾಟ ಮಾಡ್ಕಂಡವ್ರಾ?" ಎಂದು ಬೆರಳೊತ್ತಿ ನಿಂತವರ ಮಧ್ಯದಲ್ಲಿ ಯಾರೋ ಕಿಸಕ್ಕೆಂದರು. ದೇವೇಂದ್ರ ಕಾಗದಗಳನ್ನೆಲ್ಲ ಹರಿದು, ಗೊಂಬೆಯನ್ನು ಕಾಲಿನಿಂದ ತುಳಿದು, ಇಡೀ ಮೈ ತಿರುಗಿಸಿಕೊಂಡು ಮನೆಗೆ ನಡೆದ.

ಗಂಗಾಮಣಿ ಉಸಿರು ಬಿಡುವಷ್ಟರಲ್ಲಿ ಬಿಂದುಶ್ರೀ ಹೇಳಿಕಳಿಸಿದಳು. ಅಡಿಗೆಮನೆಗೆ ಹೋದರೆ ಬಿಂದುಶ್ರೀ ಬಾಗಿಲಿಗೆ ಚಿಲಕ ಹಾಕಿದಳು.

"ಗೊಂಬೆ ಮಾಡಿದ್ದು ನೀನೇ. ಕಿಟಕಿಯಿಂದ ತಂದು ಮಂಚದ ಕೆಳಗೆ ಇಟ್ಟವಳು ನಾನು."

"ಅಯ್ಯೋ ಅಕ್ಕಾ! ಅದು ಮಾಟ ಅಲ್ಲ, ಆ ಕ್ಯಾಸೆಟ್ ನೋಡಿ ಸುಮ್ನೆ..."

"ಅದಕ್ಕೇ ಕಣೆ ತಂದದ್ದು! ಇಲ್ಲಿನ ಮಂತ್ರವಾದಿಗಳ ಹತ್ತಿರ ಮೂರು ತಾಯಿತ ಕಟ್ಟಿಸಿದೆ, ಇವರ ಸಿಟ್ಟು ಒಂದು ಚೂರೂ ಇಳೀಲಿಲ್ಲ. ಇದು ನೋಡು, ಒಂದೇ ರಾತ್ರೀಲಿ ಕುತ್ತಿಗೆ ಹಿಡೀತು. ಏನೇ ಅನ್ನು, ಇಂಗ್ಲೆಂಡಿನ ಸಾಮಾನು ಇಂಗ್ಲೆಂಡಿನದೇ." ಅವಳು ಗಂಗಾಮಣಿಯ ಕೈ ಹಿಡಿದುಕೊಂಡಳು. "ಇನ್ನೊಂದು ಮಾಡು. ಈ ಸಲ ಕಡ್ಡಿ ನಾಲಿಗೆಗೆ. ನಾಡಿದ್ದು ಬೇಕು. ಇಲ್ಲದಿದ್ದರೆ ಮೊದಲನೇದು ಯಾರದ್ದು ಅಂತ ನಾನು ಹೇಳಬೇಕಾಗುತ್ತೆ."

"ಎಣ್ಣೆ ಎಲ್ಲಿ ಸತ್ತಿತೇ, ಕತ್ತೆ!" ಎಂದು ಒಳಗಿನಿಂದ ದೇವೇಂದ್ರ ಅರಚಿದ. ಬಿಂದುಶ್ರೀಯ ಭುಜಗಳು ಕಿವಿಯವರೆಗೆ ಏರಿದವು. ಎಣ್ಣೆಯ ಬಟ್ಟಲು ಎತ್ತಿಕೊಂಡು ಚಿಲಕ ತೆಗೆದು ಓಡಿದಳು. ಹೆದರುವುದರಲ್ಲಿ ತನ್ನನ್ನು ಮೀರಿಸಿದವರು ಈ ಎಸ್ಟೇಟಿನಲ್ಲಿ ಯಾರೂ ಇಲ್ಲವೆಂದು ಗಂಗಾಮಣಿ ಇಷ್ಟು ದಿನ ತಿಳಿದಿದ್ದಳು.

ವಾಪಸು ಬರುವಾಗ ಹಳ್ಳದ ಹತ್ತಿರ ಅವಳ ಕಾಲು ತಾನಾಗಿ ನಿಂತಿತು. ನಾಲಿಗೆ ಬಿದ್ದುಹೋದರೆ ಜೈಲು, ಬೀಳದಿದ್ದರೆ ಬಿಂದುಶ್ರೀಯ ಬಾಯಿ. ಅವಳು ಬಗ್ಗಿ ಜೇಡಿಯ ಉಂಡೆ ಎತ್ತಿಕೊಂಡಳು. ಹಿಂದೆಯೇ ಬಂದ ಚೆಲುವಮ್ಮ ಕೇಳಿದಳು, "ಮಣ್ಣು ಯಾಕ್ರೀ?"

"ಒಲೆ ಬಿರುಕು ಬಿಟ್ಟೈತೆ."

ಗೊಂಬೆಯ ನಾಲಿಗೆ ಸ್ವಲ್ಪ ಉದ್ದವಾಗಿಯೇ ಇರಲಿ ಎಂದು ಅವಳು ಮನಸ್ಸಿನಲ್ಲೇ ನಿರ್ಧರಿಸಿದಳು. ಬಿಂದುಶ್ರೀಯ ಪರವಾಗಿ ಒಂದು ಕಡ್ಡಿ, ತನ್ನ ಪರವಾಗಿ ಇನ್ನೊಂದು. ಎರಡೂ ಅದರಲ್ಲಿ ಹಿಡಿಸಬೇಕು.