ಹದಿನಾಲ್ಕು ಕೆಜಿಯ ಹಗುರಣ್ಣ

ಸೈಕಲ್ಲಿನ ಬ್ರೇಕು ಕಿರ್ರೆಂದದ್ದೇ ಎಲ್ಲಕ್ಕೂ ಮೂಲ. ಬೇರೆ ದಿನವಾಗಿದ್ದರೆ ಹಗುರಣ್ಣ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಅವನು ದಾಖಲೆ ವಿಭಾಗದ ಮುಖ್ಯಸ್ಥನಾಗಿ ಚಾರ್ಜ್ ತೆಗೆದುಕೊಳ್ಳುವವನಿದ್ದ. ಹದಿನಾರು ವರ್ಷ ಕಚೇರಿಯ ಶೌಚಾಲಯದ ದಾರಿಯಲ್ಲಿದ್ದ ಮೇಜಿಗೆ ಕೂತು, ಹೋಗುವವರಿಗೊಮ್ಮೆ ಬರುವವರಿಗೊಮ್ಮೆ ಕಾಲು ಮಡಚಿ ದಾರಿ ಬಿಟ್ಟವನು. ಇವತ್ತಿನಿಂದ ಅವನಿಗೆ ಬಾಗಿಲಿರುವ ಕೋಣೆ ಸಿಗುತ್ತಿತ್ತು. ಅಂಥ ಮನುಷ್ಯ ಕಿರ್ರೆನ್ನುತ್ತ ಗೇಟಿನೊಳಗೆ ಹೋದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ?

ಹಗುರಣ್ಣ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಬ್ಯಾಟರಿ ಸೈಕಲ್ ಕೊಂಡ ದಿನದಿಂದ ಅವನು ಕಂಡಕಂಡವರ ಮುಂದೆ ಅದನ್ನು ಒಂದೇ ಕೈಯಲ್ಲಿ ಎತ್ತಿ, ಮೋಟಾರು, ಬ್ಯಾಟರಿ ಎಲ್ಲ ಸೇರಿ ಹದಿನಾಲ್ಕೇ ಕೆಜಿ, ಎಂಥಾ ಹಗುರ ನೋಡಿ ಎನ್ನುತ್ತಿದ್ದ. ಮೂರನೇ ಮಹಡಿಯ ಮನೆಗೆ ದಿನಾ ಅದನ್ನು ಹೊತ್ತುಕೊಂಡೇ ಹತ್ತುತ್ತಿದ್ದ. ಆಗ ಅವನ ಕತ್ತಿನ ನರ ಉಬ್ಬುವುದು ಎಲ್ಲರಿಗೂ ಕಾಣುತ್ತಿತ್ತು, ಅವನೊಬ್ಬನನ್ನು ಬಿಟ್ಟು.

ಎಂಟೂವರೆಗೆ ಅವನು ಕೆಳಗಿಳಿದು ಚಕ್ರ ತಿರುಗಿಸಿ ಬ್ರೇಕು ಒತ್ತಿ ನೋಡುತ್ತಿದ್ದಾಗ ನೆಲಮಹಡಿಯ ಟೈಲರ್ ಅಕ್ಕ ಹೊರಗೆ ಬಂದಳು. ಕೈಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ಡಬ್ಬಿ.

"ಎರಡು ಹನಿ ಬಿಟ್ರೆ ಸರಿಹೋಗತ್ತೆ ಬಿಡಣ್ಣ. ನನ್ನ ಮಷೀನು ತಗೊಂಡು ಇಪ್ಪತ್ತು ವರ್ಷ ಆಯ್ತು, ಒಂದಿನ ಕಿರ್ ಅಂದಿಲ್ಲ" ಎಂದಳು.

ಎರಡು ಹನಿ ಎಂದವಳು ಬ್ರೇಕಿನ ತಟ್ಟೆ ಹೊಳೆಯುವಷ್ಟು ಬಿಟ್ಟಳು. ಕಿರ್ ನಿಂತಿತು. ಹಗುರಣ್ಣ ಖುಷಿಯಿಂದ ಅಂಗಳದಲ್ಲಿ ಒಂದು ಸುತ್ತು ಹೊಡೆದು ಬ್ರೇಕು ಒತ್ತಿದ. ಸದ್ದೇ ಇಲ್ಲ. ಸದ್ದಿನ ಜೊತೆ ಬ್ರೇಕೂ ಹೋಗಿತ್ತು. ಸೈಕಲ್ಲು ಎದುರು ಮನೆಯ ಮೂರು ಹೂಕುಂಡಗಳನ್ನು ಒಡೆದು, ಅವನನ್ನು ಅಲ್ಲಿನ ಹೊಸ್ತಿಲ ಮೇಲೆ ಕೂರಿಸಿ, ತಾನು ಪಕ್ಕಕ್ಕೆ ಮಲಗಿತು.

ಆ ಮನೆ ಫಿಟ್ಟರ್ ಮಾಮನದು. ಮೂವತ್ತೆರಡು ವರ್ಷ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಬಿಚ್ಚುವುದಕ್ಕೆ ಏನೂ ಸಿಗದೆ ಹೆಂಡತಿಯ ಮಿಕ್ಸಿಯನ್ನು ಈಗಾಗಲೇ ಮೂರು ಸಲ ಬಿಚ್ಚಿದ್ದ. ಒಡೆದ ಕುಂಡಗಳ ಕಡೆ ಅವನು ತಿರುಗಿಯೂ ನೋಡಲಿಲ್ಲ. ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬ್ರೇಕಿಗೆ ಎಣ್ಣೆ ಬಿಟ್ಟ ಮಹಾನುಭಾವರು ಯಾರು ಎಂದು ಕೇಳಿದ. ಟೈಲರ್ ಅಕ್ಕ ಒಳಗೆ ಹೋಗಿ ಮಷೀನು ಜೋರಾಗಿ ತುಳಿಯತೊಡಗಿದಳು.

ಮಾಮನ ಕೈಗುಣ ಒಳ್ಳೆಯದೇ. ತಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬ್ರೇಕಿನ ಪ್ಯಾಡಿಗೆ ಉಪ್ಪುಕಾಗದ ತಿಕ್ಕಿ, ಒಂಬತ್ತಕ್ಕೆಲ್ಲ ಸರಿಮಾಡಿ ಕೊಟ್ಟ. ಆಗಲೇ ಹೊರಟುಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಮಾಮ ಬ್ಯಾಟರಿಯನ್ನು ಕಳಚಿ ಅಂಗೈಯಲ್ಲಿಟ್ಟು ತೂಗಿ ನೋಡಿದ.

"ಇದೇನೋ, ಟಾರ್ಚಿಗೆ ಹಾಕೋದಾ? ಮುಖ್ಯಸ್ಥ ಆಗ್ತಿದೀಯ, ಗಾಡಿಗೂ ಒಂಚೂರು ಬಡ್ತಿ ಕೊಡಬಾರ್ದಾ?"

ಹಗುರಣ್ಣನಿಗೆ ಅದು ನಾಟಿತು. ಮಾಮ ಒಳಗಿನಿಂದ ಕಬ್ಬಿಣದ ಪೆಟ್ಟಿಗೆಯೊಂದನ್ನು ಎಳೆದು ತಂದ. ತಾನೇ ಜೋಡಿಸಿದ ದೊಡ್ಡ ಬ್ಯಾಟರಿಯಂತೆ. ಊರೆಲ್ಲ ಸುತ್ತಿ ಬಂದರೂ ಮುಗಿಯುವುದಿಲ್ಲವಂತೆ. ಅದು ಹಳೇ ಬ್ಯಾಟರಿಯ ಜಾಗದಲ್ಲಿ ಕೂರಲಿಲ್ಲ, ಹಿಂದಿನ ಕ್ಯಾರಿಯರ್ ಮೇಲಿಟ್ಟರೆ ಕ್ಯಾರಿಯರ್ ಬಾಗಿತು. ಬಾಗಿದ್ದಕ್ಕೆ ಎರಡು ಕಂಬಿ ಬಿಗಿದ. ಪೆಟ್ಟಿಗೆ ಜಾರದಂತೆ ಟೈಲರ್ ಅಕ್ಕ, ಮಾಡಿದ ತಪ್ಪಿಗೆ, ದಪ್ಪ ಬಟ್ಟೆಯ ಚೀಲ ಹೊಲಿದುಕೊಟ್ಟಳು. ಮಾಮನ ಬೆಸುಗೆ ಕಡ್ಡಿಗೆ ಪ್ಲಗ್ ಬೇಕೆಂದು ಅಲ್ಲೇ ಚಾರ್ಜಿಗೆ ಹಾಕಿದ್ದ ಹಗುರಣ್ಣನ ಫೋನನ್ನು ಕಿತ್ತಿಟ್ಟದ್ದೂ ಆಯಿತು. ಎಲ್ಲ ಮುಗಿಯುವಷ್ಟರಲ್ಲಿ ಸೈಕಲ್ಲನ್ನು ಒಂದು ಕೈಯಲ್ಲಿ ಎತ್ತುವುದಿರಲಿ, ಇಬ್ಬರು ಸೇರಿ ಸ್ಟ್ಯಾಂಡಿನಿಂದ ಇಳಿಸಬೇಕಾಯಿತು.

ಮೂರನೇ ಮಹಡಿಯ ಕಿಟಕಿಯಿಂದ ಹೆಂಡತಿ ಬಗ್ಗಿ ನೋಡಿದಳು.

"ರೀ, ನಿಮ್ಮ ದಮ್ಮಯ್ಯ ಅಂತೀನಿ. ಇವತ್ತೊಂದಿನ ಬಸ್ಸಲ್ಲಿ ಹೋಗಿ."

ಕಂಡವರ ಮಾತನ್ನೆಲ್ಲ ಕೇಳಿದ ಹಗುರಣ್ಣ ಹೆಂಡತಿಯ ಮಾತೊಂದನ್ನು ಮಾತ್ರ ಕೇಳಲಿಲ್ಲ. ಗಂಡಸರ ಜಾತಕವೇ ಅಷ್ಟು. ಹತ್ತು ಗಂಟೆಗೆ ಹೊರಟ.

ಸೈಕಲ್ಲು ಹೋಯಿತು ನೋಡಿ. ಬಸ್ಸುಗಳು ಹಿಂದೆ ಬಿದ್ದವು. ಮೀಟರಿನಲ್ಲಿ ನಾಲ್ಕಕ್ಕೆ ನಾಲ್ಕೂ ಗೆರೆ ಉರಿಯುತ್ತಿದ್ದವು. ಕೋಣೆಯ ಬಾಗಿಲನ್ನು ಪೂರ್ತಿ ಮುಚ್ಚಿಕೊಳ್ಳುವುದೋ ಅರ್ಧ ಮುಚ್ಚುವುದೋ ಎಂದು ಹಗುರಣ್ಣ ಯೋಚಿಸುತ್ತ ದೊಡ್ಡ ಸೇತುವೆಯ ಏರು ಹತ್ತಿದ. ಅರ್ಧ ಏರಿನಲ್ಲಿ ಮೋಟಾರು ಒಮ್ಮೆ ಹೂಂ ಎಂದು ಸುಮ್ಮನಾಯಿತು. ಮೀಟರಿನಲ್ಲಿ ಮಾತ್ರ ನಾಲ್ಕೂ ಗೆರೆ ಹಾಗೇ ಇದ್ದವು. ಅದು ಪುಟ್ಟ ಬ್ಯಾಟರಿಯ ಅಳತೆಗೆ ಮಾಡಿದ ಮೀಟರು, ದೊಡ್ಡದು ಸತ್ತು ಬಿದ್ದಿದ್ದರೂ ಅದಕ್ಕೆ ತುಂಬಿದಂತೆಯೇ ಕಾಣುತ್ತಿತ್ತು. ಪೆಡಲು ತುಳಿದರೆ ಪೆಟ್ಟಿಗೆಯ ಭಾರಕ್ಕೆ ಸೈಕಲ್ಲು ಹಿಂದಕ್ಕೆ ಜಾರಿತು.

ಗಂಟೆ ಹತ್ತೂ ನಲವತ್ತು. ಹನ್ನೊಂದಕ್ಕೆ ಚಾರ್ಜ್ ತೆಗೆದುಕೊಂಡವನ ಸಹಿಯಾದ ಕಾಗದ ಕೇಂದ್ರ ಕಚೇರಿಗೆ ಹೋಗಲೇಬೇಕು. ಸೇತುವೆಯ ಮೇಲೆ ಬಸ್ಸು ನಿಲ್ಲುವುದಿಲ್ಲ. ಹಗುರಣ್ಣನಿಗೆ ಅಳುವೇ ಬಂತು. ಕಚೇರಿಯ ಜೀಪನ್ನಾದರೂ ಕಳಿಸಲಿ ಎಂದು ನಿರ್ದೇಶಕಿ ಮೇಡಂಗೆ ಫೋನು ಮಾಡಿದ, ಅವರು ಬೇರೆ ಕರೆಯಲ್ಲಿದ್ದರು. ಫೋನಿನಲ್ಲಿ ಉಳಿದಿದ್ದದ್ದು ಎರಡೇ ಶೇಕಡಾ. ಅದು ಆರುವ ಮುಂಚೆ ತನ್ನ ಪಾಡನ್ನು ಚುಟುಕಾಗಿ ಬರೆದು ಕಳಿಸಿದ. ಕೂಡಲೇ ಉತ್ತರ ಬಂತು: "ಅರ್ಥವಾಯಿತು. ಈಗಲೇ ವ್ಯವಸ್ಥೆ ಮಾಡುತ್ತೇನೆ. ಚಿಂತೆ ಬೇಡ." ಫೋನು ಆರಿತು.

ಇಂಥ ಮೇಡಂ ಎಷ್ಟು ಜನರಿಗೆ ಸಿಗುತ್ತಾರೆ ಎಂದುಕೊಂಡು ಅವನು ಸೇತುವೆಯ ಕಟ್ಟೆಯ ಮೇಲೆ ನೆಮ್ಮದಿಯಾಗಿ ಕೂತ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು, ಜೀಪಿನ ಸುಳಿವಿಲ್ಲ. ಕೊನೆಗೆ ಎದ್ದು, ಸೈಕಲ್ಲಿಗೆ ಹೆಗಲು ಕೊಟ್ಟು ನೂಕಿದ. ಕಚೇರಿ ತಲುಪಿದಾಗ ಹನ್ನೆರಡಾಗಿತ್ತು, ಅಂಗಿ ಹಿಂಡಿದರೆ ಅರ್ಧ ಬಕೆಟ್ ನೀರು ಬರುವಂತಿತ್ತು.

ಒಳಗೆ ಕಾಲಿಟ್ಟರೆ ಎಲ್ಲರೂ ಎದ್ದು ನಿಂತರು. ಬಾಗಿಲಿರುವ ಕೋಣೆಯಿಂದ ಆಕಳಿಕೆ ಹೊರಬಂದ. ಗೋಡೆ ಪಕ್ಕದ ಮೇಜಿನವನು, ಮಧ್ಯಾಹ್ನವಿಡೀ ಆಕಳಿಸುವುದರಿಂದ ಆ ಹೆಸರು. ಬಂದವನೇ ಹಗುರಣ್ಣನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು.

"ಈ ಕಾಲದಲ್ಲಿ ಯಾರು ಸಾರ್ ಹೀಗೆ ಬಿಟ್ಟುಕೊಡ್ತಾರೆ? ನೀವು ದೊಡ್ಡವರು."

ಹಗುರಣ್ಣ ಏನೂ ತಿಳಿಯದೆ ಮೇಡಂ ಹತ್ತಿರ ಓಡಿದ. ಅವರು ತಮ್ಮ ಫೋನು ತೆಗೆದು ಅವನ ಮುಂದೆ ಹಿಡಿದರು. ಅವನದೇ ಸಂದೇಶ: "ಕ್ಷಮಿಸಿ ಮೇಡಂ. ಚಾರ್ಜ್ ಆಗಲ್ಲ. ಈ ಭಾರ ಹೊರೋ ಶಕ್ತಿ ನನಗಿಲ್ಲ. ದಯವಿಟ್ಟು ಬೇರೆ ವ್ಯವಸ್ಥೆ ಮಾಡಿ." ಎರಡು ಶೇಕಡಾದಲ್ಲಿ ಉಳಿತಾಯ ಮಾಡಲು ಹೋಗಿ ಅವನು ಸೈಕಲ್ಲು ಎಂಬ ಒಂದೇ ಒಂದು ಮಾತನ್ನು ಬಿಟ್ಟಿದ್ದ.

"ಅದು ಸೈಕಲ್ ಚಾರ್ಜು ಮೇಡಂ" ಎಂದ ಹಗುರಣ್ಣ. "ಸೇತುವೆ ಮೇಲೆ ಬ್ಯಾಟರಿ ಮುಗಿದುಹೋಯ್ತು."

ಮೇಡಂ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಆಮೇಲೆ, ಆಕಳಿಕೆ ಸಹಿ ಹಾಕಿದ ಕಾಗದ ಹನ್ನೊಂದಕ್ಕೇ ಹೋಗಿಬಿಟ್ಟಿದೆ, ಇನ್ನು ಅವನು ನಿವೃತ್ತನಾಗುವವರೆಗೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಅದಕ್ಕೆ ಇನ್ನೂ ಹನ್ನೊಂದು ವರ್ಷವಿತ್ತು. ಹಗುರಣ್ಣನ ಮುಖ ನೋಡಲಾಗದೆ ಅವರು ಕಡತಗಳನ್ನು ತಡಕಾಡಿ ಒಂದು ಹಾಳೆ ಎಳೆದರು.

"ನೋಡಿ, ಬೇಜಾರು ಮಾಡ್ಕೋಬೇಡಿ. ಟಪಾಲು ಹಂಚೋಕೆ ಹನ್ನೆರಡು ಬ್ಯಾಟರಿ ಸೈಕಲ್ ಬರ್ತಿವೆ. ನಿಮಗೂ ಚಾರ್ಜ್ ಕೊಟ್ಟೇ ಕೊಡ್ತೀನಿ."

"ಟಪಾಲು ವಿಭಾಗದ್ದಾ ಮೇಡಂ?" ಹಗುರಣ್ಣನ ಜೀವ ಮರಳಿ ಬಂತು.

"ಅಲ್ಲ, ಸೈಕಲ್‌ಗಳದ್ದು. ಸಂಜೆ ಪ್ಲಗ್ ಹಾಕೋದು, ಬೆಳಿಗ್ಗೆ ತೆಗೆಯೋದು. ಎಲ್ಲ ನಿಮ್ಮ ಮೇಜಿನ ಪಕ್ಕನೇ ನಿಲ್ಲಿಸ್ತಾರೆ. ಪ್ಲಗ್ ಪಾಯಿಂಟ್ ಇರೋದು ಆ ಶೌಚಾಲಯದ ದಾರಿಯಲ್ಲೊಂದೇ."