ನಾಲ್ಕು ಕಣ್ಣಿನ ಸೇನಾಪತಿ

"ಅಮ್ಮಾ, ಅಜ್ಜ ಯಾಕೆ ಯಾವಾಗಲೂ ಹಳೇ ಸೈನ್ಯವನ್ನೇ ಗೆಲ್ಲಿಸ್ತಾರೆ?"

ಮಗಳು ಇದನ್ನು ಕೇಳಿದಾಗ ನಾನು ಅವಳ ತಲೆ ಬಾಚುತ್ತಿದ್ದೆ. ಬಾಚಣಿಗೆ ಸಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು, ನಾನು ಪ್ರಶ್ನೆಯಲ್ಲಿ ಸಿಕ್ಕಿಕೊಂಡೆ.

"ಗೆಲ್ಲೋರು ಗೆಲ್ತಾರೆ. ತಲೆ ಅಲ್ಲಾಡಿಸಬೇಡ."

"ನನ್ನ ಸೈನ್ಯದಲ್ಲಿ ಘಟಸರ್ಪ ಇದೆ. ಬಾಯಿ ತುಂಬ ಹಲ್ಲಿದೆ ಅದಕ್ಕೆ. ಆದರೂ ನಾನೇ ಸೋಲಬೇಕು. ಇದು ಮೋಸ ಅಲ್ವಾ?"

ಘಟಸರ್ಪ ಎಂದರೆ ನನ್ನ ಹಳೆಯ ಜಾಕೆಟ್ಟಿನಿಂದ ಬಿಚ್ಚಿದ ಜಿಪ್ಪು. ಸೈನ್ಯ ಎಂದರೆ ಗುಂಡಿಗಳು. ಅಂಗಿಗೆ ಹಾಕುವ ಗುಂಡಿಗಳೇ.

ನನ್ನ ಮಾವನವರು ಬದುಕಿಡೀ ಟೈಲರ್ ಆಗಿದ್ದವರು. ಅಂಗಡಿ ಮುಚ್ಚಿದಾಗ ಹೊಲಿಗೆ ಯಂತ್ರ ಮಾರಿದರು, ಕತ್ತರಿಗಳನ್ನು ಕೇಳಿದವರಿಗೆ ಕೊಟ್ಟರು. ಮನೆಗೆ ತಂದದ್ದು ಸೂಜಿ ದಾರದ ಒಂದು ಪೆಟ್ಟಿಗೆ, ಗುಂಡಿ ತುಂಬಿದ ಒಂದು ಡಬ್ಬಿ ಮತ್ತು ಮುಗಿಯದ ಒಂದು ಕಥೆ. ದಿನಾ ಸಂಜೆ ಹಜಾರದ ನೆಲದ ಮೇಲೆ ಡಬ್ಬಿ ಬೋರಲು ಬೀಳುತ್ತಿತ್ತು, ಕಥೆ ಏಳುತ್ತಿತ್ತು.

ಆ ಕಥೆಯ ಲೋಕದಲ್ಲಿ ಮೊದಲ ಯುಗದ ವೀರರಿಗೆ ನಾಲ್ಕು ಕಣ್ಣು. ನಾಲ್ಕು ದಿಕ್ಕಿಗೂ ಒಂದೊಂದು, ಹಾಗಾಗಿ ಅವರ ಬೆನ್ನ ಹಿಂದೆ ಯಾರೂ ಬರುವಂತಿರಲಿಲ್ಲ. ಕಾಲ ಉರುಳಿತು, ಪರಾಕ್ರಮ ಇಳಿಯಿತು, ಕಣ್ಣು ಎರಡಾಯಿತು. ಈಗಿನ ಯುಗದಲ್ಲಂತೂ ಪ್ರೆಸ್ ಬಟನ್ನುಗಳು. ಅವಕ್ಕೆ ಕಣ್ಣೇ ಇಲ್ಲ, ಯಾರು ಒತ್ತಿದರೂ ಟಕ್ಕೆಂದು ಅಂಟಿಕೊಳ್ಳುವ ಜಾತಿ. ಹಳೇ ಸೈನ್ಯದಲ್ಲಿ ಕೊಂಬಿನ, ಮರದ, ಚಿಪ್ಪಿನ ಗುಂಡಿಗಳು. ಅವರ ಸೇನಾಪತಿ ಒಂದು ದೊಡ್ಡ ಕಪ್ಪು ಕೊಂಬಿನ ಗುಂಡಿ. ನಾಲ್ಕು ತೂತು, ಅಂಚು ಒಂದಿಷ್ಟು ಸವೆದಿತ್ತು. ಮಂಜಿನ ಕೋಟೆಯ ಬಾಗಿಲಿಗೆ ಬೆನ್ನು ಕೊಟ್ಟು ಉಕ್ಕಿ ಬಂದ ಕಡಲನ್ನು ಒಬ್ಬನೇ ತಡೆದವನು ಅವನು. ಅಂಚು ಸವೆದದ್ದೂ ಅದಕ್ಕೇ ಎಂದು ಮಾವ ಹೇಳುತ್ತಿದ್ದರು.

ಈಗಿನ ಸೈನ್ಯ ಮಗಳದು. ಪ್ಲಾಸ್ಟಿಕ್ ಕಾಲಾಳುಗಳು, ಘಟಸರ್ಪ, ಜೊತೆಗೆ ನನ್ನ ಹರಿದ ಕೈಚೀಲದಿಂದ ಕಿತ್ತ ಒಂದು ಅಯಸ್ಕಾಂತ, ಅದೇ ಅವಳ ಮಾಂತ್ರಿಕ.

"ಅಜ್ಜ, ನನ್ನ ಮಾಂತ್ರಿಕ ನಿಮ್ಮ ಸೈನ್ಯವನ್ನೆಲ್ಲ ಎಳಕೊಂಡ."

"ಎಳೀಲಿ ನೋಡೋಣ. ಹಳೇ ಕಾಲದವರು ಕೊಂಬಿನವರು. ಮಂತ್ರಕ್ಕೆ ಜಗ್ಗಲ್ಲ."

"ಹಾಗಾದರೆ ಘಟಸರ್ಪ ನುಂಗಿತು."

"ನುಂಗಿತು ಸರಿ, ಜೀರ್ಣ ಆಗಬೇಕಲ್ಲ ಮರಿ? ಹೊಟ್ಟೆ ಒಳಗಿಂದಲೇ ಹೊಡೆದರು. ಹಳೇ ಸೈನ್ಯಕ್ಕೆ ಜಯ."

ಪ್ರತಿ ಸಂಜೆಯೂ ಹೀಗೆ. ನನ್ನ ಮಗಳು ಸೋತು ಊಟಕ್ಕೆ ಕೂರುವಾಗ ಮುಖ ಗಂಟು ಹಾಕಿಕೊಂಡಿರುತ್ತಿದ್ದಳು; ಮಾವ ಮಾತ್ರ ಮೀಸೆಯಡಿಯಲ್ಲಿ ನಗುತ್ತಿದ್ದರು. ಎರಡು ತುತ್ತು ಹೆಚ್ಚಿಗೆ ತಿನ್ನುತ್ತಿದ್ದರು ಕೂಡ.

ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂರುವವಳು. ಒಂದೇ ಕೊಳಾಯಿಗೆ ಎರಡು ಮನೆಯವರು ಕತ್ತು ಹಿಸುಕಿಕೊಳ್ಳುವ ಹಂತಕ್ಕೆ ಬಂದಾಗ ಇಬ್ಬರನ್ನೂ ಕೂರಿಸಿ, ನೀರು ಕುಡಿಸಿ, ಕೈ ಕುಲುಕಿಸಿ ಕಳಿಸುವುದೇ ನನ್ನ ಕೆಲಸ. ಅಂಥ ನನ್ನ ಮನೆಯಲ್ಲೇ ನ್ಯಾಯಕ್ಕೆ ಬರಗಾಲವೇ? ಅಂದು ದಿನಚರಿಯಲ್ಲಿ ದಪ್ಪಗೆ ಬರೆದೆ: "ನಾಳೆಯಿಂದ ಈ ಯುಗಯುಗಗಳ ಸಮರಕ್ಕೆ ನಾನೇ ತೀರ್ಪುಗಾರ್ತಿ. ಮಾವನೆಂಬ ಮುಲಾಜಿಲ್ಲ, ಮಗಳೆಂಬ ಮಮತೆಯಿಲ್ಲ." ಬರೆದು, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮರುದಿನ ಸಂಜೆ ಇಬ್ಬರನ್ನೂ ಎದುರು ಕೂರಿಸಿದೆ. ಮಗಳು ವಾದ ಮಂಡಿಸಿದಳು: "ಅಜ್ಜನ ಡಬ್ಬಿ ತುಂಬ ಸೈನಿಕರಿದಾರೆ. ನನ್ನ ಹತ್ರ ಬರೀ ಒಂದು ಹಿಡಿ."

ಮಾವ ಗಂಟಲು ಸರಿಮಾಡಿಕೊಂಡರು. "ಬಲ ಅನ್ನೋದು ತಲೆ ಎಣಿಕೆಯಲ್ಲಿ ಇರಲ್ಲ ತಾಯಿ. ಹಳೇ ಕಾಲದವರು ಗಟ್ಟಿ."

ನಾನು ಘನಗಂಭೀರವಾಗಿ ತೀರ್ಪಿತ್ತೆ. "ಈಗಿನ ಸೈನ್ಯಕ್ಕೂ ಬಲ ಸೇರಲಿ. ಈ ಮನೆಯಲ್ಲಿ ಉಪಯೋಗದಲ್ಲಿಲ್ಲದ ಗುಂಡಿ ಎಲ್ಲಿದ್ದರೂ ಅದನ್ನು ಮಗಳು ಸೇರಿಸಿಕೊಳ್ಳಬಹುದು."

ಕಚೇರಿಯಲ್ಲಿ ಹೀಗೆ ತೀರ್ಪು ಕೊಟ್ಟರೆ ಜನ ಕೈಮುಗಿದು ಹೋಗುತ್ತಾರೆ. ಇಲ್ಲಿ ಮಗಳು ಕೈಮುಗಿಯಲಿಲ್ಲ, ಕತ್ತರಿ ಹುಡುಕಲು ಹೋದಳು. ನನಗದು ಗೊತ್ತಾದದ್ದು ಮಾರನೆಯ ಬೆಳಗ್ಗೆ.

"ಲೇ, ಇಲ್ಲಿ ಬಾ ಸ್ವಲ್ಪ." ಗಂಡನ ದನಿ ಬೀರುವಿನ ಒಳಗಿನಿಂದ ಬಂದ ಹಾಗಿತ್ತು. "ನನ್ನ ಒಂದು ಶರ್ಟಿಗೂ ಗುಂಡಿ ಇಲ್ಲ."

"ಸರಿಯಾಗಿ ನೋಡಿ."

"ಎದೆ ಬಿಟ್ಟುಕೊಂಡು ನಿಂತಿದೀನಿ, ಇನ್ನೂ ಸರಿಯಾಗಿ ಏನು ನೋಡಲಿ?"

ಮಗಳು ಶೂ ಹಾಕಿಕೊಳ್ಳುತ್ತಲೇ ಉತ್ತರಿಸಿದಳು: "ಅವೆಲ್ಲ ಯುದ್ಧಕ್ಕೆ ಹೋಗಿವೆ ಅಪ್ಪ. ಬೀರುವಲ್ಲಿ ನೇತುಹಾಕಿದ್ದ ಶರ್ಟು ಉಪಯೋಗದಲ್ಲಿ ಇರಲಿಲ್ಲ. ಅಮ್ಮನೇ ತೀರ್ಪು ಕೊಟ್ಟಿದ್ದು."

"ಎಲ್ಲಿಟ್ಟಿದೀಯಾ? ತಂದುಕೊಡು ಬೇಗ."

"ಅದು ಸೈನಿಕ ರಹಸ್ಯ." ಅಷ್ಟರಲ್ಲಿ ಶಾಲೆಯ ವ್ಯಾನು ಹಾರನ್ ಹೊಡೆಯಿತು, ಈಗಿನ ಯುಗದ ಸೇನಾನಿ ರಹಸ್ಯದ ಸಮೇತ ಓಡಿಬಿಟ್ಟಳು.

ಗಂಡ ನನ್ನನ್ನು ನೋಡಿದರು. "ಇವತ್ತು ದೊಡ್ಡ ಸಾಹೇಬರ ಜೊತೆ ಸಭೆ ಇದೆ. ನಿನ್ನ ನ್ಯಾಯಾಲಯದಲ್ಲಿ ನನ್ನ ಅರ್ಜಿ ಯಾರು ತಗೋತಾರೆ?"

ಒಂದು ಬಿಳಿ ಶರ್ಟು ಮಾತ್ರ ಬಹುಪಾಲು ಬಚಾವಾಗಿತ್ತು. ಹೊಟ್ಟೆಯ ಮೇಲಿನ ಒಂದೇ ಗುಂಡಿ ಇರಲಿಲ್ಲ. ಅದನ್ನು ಹಿಡಿದು ಮಾವನ ಕೋಣೆಗೆ ಓಡಿದೆ. ಕಿಟಕಿಯ ಪಕ್ಕ ಕೂತಿದ್ದರು.

"ಮಾವ, ಒಂದೇ ಒಂದು ಗುಂಡಿ. ಹಾಕಿಕೊಡ್ತೀರಾ?"

ಶರ್ಟನ್ನು ಕೈಗೆ ತೆಗೆದುಕೊಂಡರು. ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಮತ್ತೆ ಮಡಿಸಿ ನನಗೇ ಕೊಟ್ಟರು. "ನೀನೇ ಹಾಕಮ್ಮ. ನಾನು ಅಂಗಡಿ ಮುಚ್ಚಿದವನು."

ನನಗೆ ಉರಿದುಹೋಯಿತು. ಸಂಜೆಯಿಡೀ ಹಳೇ ಕಾಲದವರ ಪರಾಕ್ರಮ, ಬೆಳಗ್ಗೆ ಒಂದು ಗುಂಡಿ ಹಾಕಲು ಬಿಗುಮಾನ! ಇದನ್ನೂ ದಿನಚರಿಯಲ್ಲಿ ಬರೆಯಬೇಕೆಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಹಾಲು ಉಕ್ಕುತ್ತಿತ್ತು. ಒಲೆಯತ್ತ ಓಡುವಾಗ ಹಜಾರದ ಮೂಲೆಯಲ್ಲಿ ಕಾಲಿಗೆ ಏನೋ ಒತ್ತಿತು. ನೋಡಿದರೆ ಗುಂಡಿ. ದೇವರೇ ಕಳಿಸಿದ ಹಾಗಿತ್ತು. ಎಲ್ಲೋ ನೋಡಿದ ಮುಖ ಎನ್ನಿಸಿತು, ಆದರೆ ಹಾಲು ಉಕ್ಕುವಾಗ ಯಾರು ಪರಿಚಯ ವಿಚಾರಿಸುತ್ತಾರೆ? ಸರಸರನೆ ಹೊಲಿದೆ. ಗುಂಡಿ ದೊಡ್ಡದಾಯಿತು, ಕಾಜಾದೊಳಗೆ ತೂರಲಿಲ್ಲ. ಕಾಜಾವನ್ನೇ ಕತ್ತರಿಯಿಂದ ಒಂದಿಷ್ಟು ಅಗಲ ಮಾಡಿದೆ. ಟೈಲರ ಮನೆಯ ಸೊಸೆ ಎಂದ ಮೇಲೆ ಇಷ್ಟೂ ಬರದಿದ್ದರೆ ಹೇಗೆ?

ಗಂಡ ಹೊಟ್ಟೆ ನೋಡಿಕೊಂಡರು. "ಇದು ಗುಂಡಿಯೋ, ಮುಚ್ಚಳವೋ?"

"ಟೈ ಕಟ್ಟಿಕೊಳ್ಳಿ, ಕಾಣಲ್ಲ."

ಅಂದು ಸಂಜೆ ನಾನು ಕಚೇರಿಯಿಂದ ಬಂದು ತರಕಾರಿ ಹೆಚ್ಚಲು ಕೂತಾಗ ಹಜಾರದಲ್ಲಿ ಡಬ್ಬಿ ಬೋರಲು ಬಿದ್ದ ಸದ್ದಾಯಿತು. ಆಮೇಲೆ ಕಥೆ ಏಳಲಿಲ್ಲ. ಮಾವ ನೆಲವನ್ನು ಅಂಗೈಯಿಂದ ಸವರುತ್ತಿದ್ದರು.

"ಸೇನಾಪತಿ ಎಲ್ಲಿ?" ಎಂದರು. ಮೊದಲು ಕಥೆಯ ದನಿಯಲ್ಲೇ: "ಎಲಾ, ಶತ್ರುಗಳು ನಮ್ಮ ಸೇನಾಪತಿಯನ್ನು ಅಪಹರಿಸಿದರೋ?"

"ನಾನಲ್ಲ ಅಜ್ಜ."

ಮತ್ತೆ ಸವರಿದರು. ಸೋಫಾದ ಕೆಳಗೆ ಕೈ ಹಾಕಿದರು. ಈ ಸಲ ಬಂದದ್ದು ಕಥೆಯ ದನಿಯಲ್ಲ. "ತಮಾಷೆ ಸಾಕು ಪುಟ್ಟಿ. ಕೊಟ್ಟುಬಿಡು."

"ನಾನು ತಗೊಂಡಿಲ್ಲ ಅಂದೆನಲ್ಲಾ!" ಮಗಳು ಅಳುವಂತಾದಳು. ತನ್ನ ಪಡೆಯನ್ನೆಲ್ಲ ಅಡಗುದಾಣದಿಂದ ತಂದು ಸುರಿದಳು. ಅಡಗುದಾಣ ಎಂದರೆ ಅವಳ ಮಳೆಗಾಲದ ಬೂಟು. ಅಪ್ಪನ ಶರ್ಟಿನ ಗುಂಡಿಗಳೆಲ್ಲ ಇದ್ದವು. ಸೇನಾಪತಿ ಇರಲಿಲ್ಲ.

ಮಾವ ನೆಲದ ಮೇಲೇ ಕೂತುಬಿಟ್ಟರು. "ಅದು ನಿಮ್ಮಜ್ಜಿ ಕೋಟಿಂದು. ಅವಳಿಗೆ ನಾನು ಹೊಲಿದ ಮೊದಲನೇ ಕೋಟು. ಕೋಟು ಹೋಯ್ತು, ಅವಳೂ ಹೋದಳು. ಅದೊಂದಿತ್ತು."

ನನ್ನ ಕೈಯಲ್ಲಿ ಚಾಕು ಹಾಗೇ ನಿಂತಿತು. ಬೆಳಗ್ಗೆ ಎಲ್ಲೋ ನೋಡಿದ ಮುಖ ಎನ್ನಿಸಿದ್ದು ಯಾರ ಮುಖವೆಂದು ಆಗ ಹೊಳೆಯಿತು. ಅತ್ತೆ ಬದುಕಿದ್ದಾಗ ನಾನು ಅವರನ್ನು ಕಂಡಿಲ್ಲ. ಹಜಾರದ ಗೋಡೆಯ ಮೇಲಿರುವ ಅವರ ಪಟದಲ್ಲಿ ಕತ್ತಿನ ಕೆಳಗೆ ಅದೇ ಕಪ್ಪು ಗುಂಡಿಯಿದೆ. ದಿನಾ ಧೂಳು ಒರೆಸುತ್ತೇನೆ.

ದೂರು ವಿಭಾಗದಲ್ಲಿ ಎಷ್ಟೋ ಜನ ನನ್ನೆದುರು ನಿಂತು ತಡವರಿಸಿದ್ದಾರೆ. ತಡವರಿಸುವ ಸರದಿ ನನಗೂ ಬಂತು. "ಮಾವ... ಸೇನಾಪತಿ ಆಫೀಸಿಗೆ ಹೋಗಿದ್ದಾನೆ."

"ಯಾವ ಆಫೀಸಿಗೆ?"

"ಇವರ ಆಫೀಸಿಗೆ. ಇವರ ಹೊಟ್ಟೆ ಮೇಲೆ."

ಮಗಳು ಅಳು ನಿಲ್ಲಿಸಿ ನನ್ನನ್ನು ನೋಡಿದಳು. ಕಳ್ಳತನ ಮಾಡಿದ ತೀರ್ಪುಗಾರ್ತಿಯನ್ನು ನೋಡುವ ನೋಟ ಹೇಗಿರುತ್ತದೆಂದು ನನಗೆ ಅಂದೇ ತಿಳಿದದ್ದು. ಗಂಡನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ನನ್ನ ಹೊಲಿಗೆ ಎಷ್ಟು ಗಟ್ಟಿ ಎಂಬುದು ನನಗೆ ಗೊತ್ತಿಲ್ಲವೇ? ದಾರದ ಕೊನೆಗೆ ಗಂಟು ಹಾಕಿದ ನೆನಪು ಎಷ್ಟು ಕೆದಕಿದರೂ ಸಿಗಲಿಲ್ಲ. ಬಸ್ಸು, ರಸ್ತೆ, ಚರಂಡಿ, ಎಲ್ಲ ಕಣ್ಣ ಮುಂದೆ ಬಂದವು. ಮಾವ ಉಳಿದ ಸೈನ್ಯವನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು. ಒಂದು ಮಾತು ಬೈದಿದ್ದರೂ ನನಗೆ ಹಗುರವಾಗುತ್ತಿತ್ತು.

ಗಂಡ ಬಂದಾಗ ಶರ್ಟಿನ ಹೊಟ್ಟೆಯ ಮೇಲೆ ಕಾಗದಕ್ಕೆ ಹಾಕುವ ಕ್ಲಿಪ್ಪಿತ್ತು.

"ಬಂದೆಯಾ ಎದುರಿಗೆ? ಕೇಳು ನಿನ್ನ ಹೊಲಿಗೆಯ ಮಹಿಮೆ. ಸಾಹೇಬರು, ನಿಮ್ಮ ಅಭಿಪ್ರಾಯ ಏನು ಅಂದರು. ನಾನು ಉಸಿರು ಎಳೆದುಕೊಂಡೆ. ಟಪ್ ಅಂತು. ಮೇಜಿನ ಮೇಲೆ ಉರುಳಿಕೊಂಡು ಹೋಗಿ ನೆಟ್ಟಗೆ ಸಾಹೇಬರ ಚಹಾದ ಕಪ್ಪಿಗೆ ಬಿತ್ತು. ಅವರು ಚಮಚದಲ್ಲಿ ಎತ್ತಿ ನೋಡಿ, ಇದೇನಾ ನಿಮ್ಮ ಅಭಿಪ್ರಾಯ ಅಂದರು."

ಯಾರೂ ನಗಲಿಲ್ಲ. ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರು. "ಏನಾಯ್ತು?"

"ಗುಂಡಿ ಎಲ್ಲಿದೆ?" ನಾನು ಕೇಳಿದೆ.

ಜೇಬಿಗೆ ಕೈ ಹಾಕಿದರು. ಕರವಸ್ತ್ರ ಬಂತು, ಬಸ್ಸಿನ ಟಿಕೇಟು ಬಂತು. ಇನ್ನೊಂದು ಜೇಬು. ಆಮೇಲೆ ಬಂತು. ಮಗಳು ಅದನ್ನು ಕಿತ್ತುಕೊಂಡು ತಾನೇ ಓಡಿ ಅಜ್ಜನ ಅಂಗೈಯಲ್ಲಿ ಇಟ್ಟಳು. ಮಾವ ಅದನ್ನು ನೋಡಲಿಲ್ಲ. ಹೆಬ್ಬೆರಳಿನಿಂದ ಅದರ ನಾಲ್ಕು ತೂತುಗಳನ್ನೂ ಒಂದಾದ ಮೇಲೊಂದು ಮುಟ್ಟಿದರು, ಸವೆದ ಅಂಚನ್ನು ಮುಟ್ಟಿದರು. ಮೂಗಿನ ಹತ್ತಿರ ಹಿಡಿದರು.

"ಚಹಾ ವಾಸನೆ," ಎಂದರು. ಮೀಸೆ ಅಲುಗಿತು. "ಕಡಲನ್ನೇ ತಡೆದವನು. ಒಂದು ಕಪ್ ಚಹಾದಲ್ಲಿ ಮುಳುಗ್ತಾನೇನೋ?"

"ಆದರೆ ಅಜ್ಜ, ಇವತ್ತು ಇಡೀ ದಿನ ಅವನು ಈಗಿನ ಸೈನ್ಯದ ಕಡೆ ಕೆಲಸ ಮಾಡಿದ," ಎಂದಳು ಮಗಳು. "ಅಪ್ಪನ ಶರ್ಟು ಈಗಿನದಲ್ವಾ?"

"ಅದಕ್ಕೇ ನೋಡು, ಸಂಜೆ ತನಕವೂ ನಿಲ್ಲೋಕಾಗಲಿಲ್ಲ."

ಅವಳನ್ನು ಸ್ನಾನಕ್ಕೆ ಕರೆದುಕೊಂಡು ಅಪ್ಪ ಹೋದ ಮೇಲೆ ನಾನು ಬೂಟಿನಿಂದ ಸುರಿದ ಗುಂಡಿಗಳನ್ನು ಬಳಿದುಕೊಳ್ಳುತ್ತಿದ್ದೆ. ಬೀರುವಿನ ತುಂಬ ಬೋಳು ಶರ್ಟುಗಳು, ಎಲ್ಲವನ್ನೂ ನಾನೇ ಹೊಲಿಯಬೇಕು. ಮಾವ ತಮ್ಮ ಹಳೆಯ ಸೂಜಿ ದಾರದ ಪೆಟ್ಟಿಗೆ ತಂದು ನನ್ನ ಪಕ್ಕ ಕೂತರು.

"ಮಾವ, ನನ್ನದು ತಪ್ಪಾಯ್ತು."

"ತಪ್ಪಾಗಿದ್ದು ಗಂಟು. ಗಂಟು ಹಾಕಿದ್ದರೆ ನಿಲ್ತಿತ್ತು." ಪೆಟ್ಟಿಗೆಯಿಂದ ಒಂದು ಸೂಜಿ ತೆಗೆದು ದೀಪಕ್ಕೆ ಎದುರಾಗಿ ಹಿಡಿದರು. ದಾರದ ತುದಿಯನ್ನು ನಾಲಿಗೆಗೆ ತಾಗಿಸಿದರು. ದಾರ ಸೂಜಿಯ ಎಡಕ್ಕೆ ಹೋಯಿತು. ಮತ್ತೆ ಹಿಡಿದರು, ಬಲಕ್ಕೆ ಹೋಯಿತು. "ಈಗಿನ ಸೂಜಿಗಳಿಗೆ ಕಣ್ಣೇ ಸರಿಯಾಗಿ ಬಿಡಲ್ಲ," ಎಂದು ಗೊಣಗಿದರು. "ನಮ್ಮ ಕಾಲದ ಸೂಜಿ ಹೇಗಿತ್ತು ಅಂದರೆ..."

ಮಾತು ಅಲ್ಲಿಗೇ ನಿಂತಿತು. ಅವರ ಕೈಯಲ್ಲಿದ್ದದ್ದು ಅವರ ಕಾಲದ್ದೇ ಸೂಜಿ. ಪೆಟ್ಟಿಗೆ ಅಂಗಡಿಯಿಂದ ಬಂದದ್ದು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬೆಳಗ್ಗೆ ಬಿಗುಮಾನ ಎಂದು ನಾನು ತೀರ್ಮಾನಿಸಿದ್ದು ನೆನಪಾಯಿತು. ದಿನಚರಿಯಲ್ಲಿ ಅದನ್ನಿನ್ನೂ ಬರೆದಿರಲಿಲ್ಲ, ಪುಣ್ಯ. ನಿನ್ನೆ ಸೇನಾಪತಿ ಮೂಲೆಗೆ ಉರುಳಿದ್ದು ಅವರಿಗೆ ಯಾಕೆ ಕಾಣಲಿಲ್ಲ, ತಲೆ ಬಾಚುವಾಗ ಮಗಳು ಕೇಳಿದ ಪ್ರಶ್ನೆಗೆ ಉತ್ತರವೇನು, ಎರಡೂ ನನ್ನೆದುರು ಒಟ್ಟಿಗೆ ಕೂತಿದ್ದವು.

"ಡಾಕ್ಟರಿಗೆ ತೋರಿಸೋಣ ಮಾವ."

"ತೋರಿಸಿದೀನಿ. ಇನ್ನು ಇಷ್ಟೇ ಅಂದರು."

ಸೂಜಿಯನ್ನು ನಾನು ಇಸಿದುಕೊಂಡೆ. ಚೆನ್ನಾಗಿಯೇ ಇತ್ತು ಅದರ ಕಣ್ಣು. ದಾರ ಮೊದಲ ಸಲಕ್ಕೇ ಹೋಗಿಬಿಡುವ ಹಾಗಿತ್ತು. ನಾನೇ ಬೇಕೆಂದು ಒಂದೆರಡು ಸಲ ತಪ್ಪಿಸಿದೆ. "ಹೌದು ಮಾವ, ತೀರಾ ಚಿಕ್ಕ ಕಣ್ಣು," ಎಂದೆ. ಮುಲಾಜಿಲ್ಲದ ತೀರ್ಪುಗಾರ್ತಿ ಕೊಟ್ಟ ಮೊದಲ ಸುಳ್ಳು ತೀರ್ಪು ಅದು. ಅವರು ನಂಬಲಿಲ್ಲ. ಆದರೆ ಮೇಲ್ಮನವಿ ಸಲ್ಲಿಸಲಿಲ್ಲ.

ದಾರ ಪೋಣಿಸಿದ ಸೂಜಿ ಕೈಗೆ ಬಂದದ್ದೇ ತಡ, ಅವರು ಬೇರೆಯೇ ಮನುಷ್ಯರಾದರು. ಶರ್ಟನ್ನು ತೊಡೆಯ ಮೇಲೆ ಹರಡಿ, ಬೆರಳಿನಿಂದಲೇ ಜಾಗ ಹುಡುಕಿ, ನೋಡದೆ ಹೊಲಿದರು. ಗುಂಡಿ ಕೂತಿತು, ದಾರ ಸುತ್ತಿತು, ಗಂಟು ಬಿತ್ತು. ಎಳೆದು ನೋಡಿದೆ, ಶರ್ಟು ಹರಿಯಬೇಕೇ ಹೊರತು ಗುಂಡಿ ಬರುವುದಿಲ್ಲ.

ಬಚ್ಚಲಿನಲ್ಲಿ ನೀರು ನಿಂತಿತು. ಮಗಳು ಯಾವುದೋ ಯುದ್ಧಗೀತೆ ಕಿರುಚುತ್ತಾ ಟವೆಲ್ ಕೇಳುತ್ತಿದ್ದಳು. ಮಾವ ಸೇನಾಪತಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ, ನನ್ನತ್ತ ಬಾಗಿ, ದನಿ ತಗ್ಗಿಸಿದರು.

"ಒಂದು ಉಪಕಾರ ಮಾಡ್ತೀಯೇನಮ್ಮ? ದಿನಾ ಬೆಳಗ್ಗೆ ಆಫೀಸಿಗೆ ಹೋಗೋ ಮುಂಚೆ ಒಂದಷ್ಟು ಸೂಜಿಗೆ ದಾರ ಪೋಣಿಸಿ ಈ ಪೆಟ್ಟಿಗೆಯಲ್ಲಿ ಚುಚ್ಚಿಟ್ಟು ಹೋಗು. ಮಿಕ್ಕಿದ್ದು ನಾನು ನೋಡ್ಕೋತೀನಿ. ಆದರೆ ಎದುರು ಪಕ್ಷದ ಕಿವಿಗೆ ಮಾತ್ರ ಬೀಳಬಾರದು."