ಗಾಳಿನಾಡಿನ ಕಾನೂನು

ಇಲ್ಲದ ದೇಶವೊಂದನ್ನು ಬಾಯಲ್ಲೇ ಕಟ್ಟಿದವನಿಗೆ ಇರುವ ಊರಿನಲ್ಲಿ ಫಜೀತಿ ತಪ್ಪುವುದಿಲ್ಲ. ನನ್ನ ಪಾಲಿನ ಫಜೀತಿಗಳು ಶಾಲೆಯ ಬಾಗಿಲಿಗೇ ನಡೆದು ಬರುತ್ತಿದ್ದವು.

ಜರ್ಮನಿಯ ಯುದ್ಧ ಮುಗಿದ ಹೊಸತು. ನಾನು ಜೆಪ್ಪುವಿನ ಒಂದು ಶಾಲೆಯಲ್ಲಿ ಹಂಗಾಮಿ ಮಾಸ್ತರ. ಕೊನೆಯ ಪೀರಿಯಡಿನಲ್ಲಿ ಮಕ್ಕಳು ತೂಕಡಿಸಬಾರದೆಂದು ಗಾಳಿನಾಡಿನ ಕಥೆ ಶುರುಮಾಡಿದೆ. ಅದು ನಮ್ಮ ಕಡಲಿನ ಆಚೆ ದಡದ ದೇಶ. ಅಲ್ಲಿ ಎಲ್ಲವೂ ಮಂತ್ರದಿಂದ ನಡೆಯುತ್ತದೆ, ಮಂತ್ರ ಕಲಿಸುವ ಶಾಲೆಯೇ ಅಲ್ಲಿನ ಸರಕಾರ. ಕಾನೂನು ಮಾತ್ರ ಬಲು ಬಿಗಿ: ಗೊತ್ತಿಲ್ಲದ್ದನ್ನು ಗೊತ್ತುಂಟು ಎಂದ ಮಾಸ್ತರ ಬಂಗುಡೆ ಮೀನಾಗುತ್ತಾನೆ.

ಬಂಗುಡೆ

ಒಬ್ಬ ಹುಡುಗನ ತಾಯಿ ಮೀನಿನ ಬುಟ್ಟಿಯ ಸಮೇತ ಬಂದಳು.

"ಮಾಸ್ಟ್ರೇ, ಕಡಲಿಗೆ ಹೋಗುವವರ ಮನೆ ನಮ್ಮದು. ಮಗ ಬಂಗುಡೆ ಮುಟ್ಟುವುದಿಲ್ಲ. ಯಾವ ಮಾಸ್ಟ್ರೋ ಏನೋ ಅಂತಾನೆ. ನಾನು ಎಂತ ಬೇಯಿಸುವುದು?"

ಮರುದಿನ ತರಗತಿಯಲ್ಲಿ ಕಾನೂನಿಗೆ ತಿದ್ದುಪಡಿ ತಂದೆ. ಮಾಸ್ತರ ಮೀನಾಗುವಾಗ ಮೊದಲು ಕನ್ನಡಕ ಬರುತ್ತದೆ, ಆಮೇಲೆ ಬಾಲ. ಕನ್ನಡಕವಿಲ್ಲದ ಮೀನನ್ನು ಧಾರಾಳವಾಗಿ ತಿನ್ನಬಹುದು.

ಕೆಲವು ದಿನ ಬಿಟ್ಟು ಆಕೆ ಮತ್ತೆ ಬಂದಳು. "ಈಗ ತಿಂತಾನೆ. ಆದರೆ ಮಾರ್ಕೆಟಿಗೆ ಬಂದು ಬುಟ್ಟಿಯ ಒಂದೊಂದು ಮೀನನ್ನೂ ಎತ್ತಿ ಮುಖ ನೋಡ್ತಾನೆ. ಮೀನು ಹಾಳಾಗಿದೆ ಅಂತ ಗಿರಾಕಿಗಳೆಲ್ಲ ಪಕ್ಕದವಳ ಹತ್ತಿರ ಹೋಗ್ತಾರೆ!"

ಬಾಗಿಲು

ಗಾಳಿನಾಡಿನಲ್ಲಿ, ಆ ದಿನ ಹೊಸತೇನು ಕಲಿತೆ ಎಂದು ಹೇಳದವರಿಗೆ ಮನೆಯ ಬಾಗಿಲು ತೆರೆಯುವುದಿಲ್ಲ ಎಂದೂ ಒಮ್ಮೆ ಹೇಳಿದ್ದೆ. ದೇವಸ್ಥಾನದ ಅರ್ಚಕರು ಶಾಲೆ ಬಿಡುವ ಹೊತ್ತಿಗೆ ಬಂದರು. ಅವರ ಮಗ ನನ್ನ ತರಗತಿಯವ.

"ಸಂಜೆಯ ಪೂಜೆ ಮುಗಿಸಿ ಹಸಿದು ಹೋದರೆ ಮಗ ಚಿಲಕ ತೆಗೆಯುವುದಿಲ್ಲ. ಹೊಸತು ಎಂತ ಕಲಿತಿರಿ ಅಂತ ಕೇಳ್ತಾನೆ."

"ನಿಮಗೆ ಇಷ್ಟೊಂದು ವೇದ ಬರ್ತದಲ್ಲ, ಭಟ್ರೇ?"

"ಅದೆಲ್ಲ ಹಳತು ಅಂತಾನೆ, ಮಾರಾಯ್ರೆ. ಇವತ್ತಿನ ಊಟಕ್ಕೆ ಸಾಕಾಗುವಷ್ಟು ಏನಾದರೂ ಹೇಳಿಕೊಡಿ."

ಗ್ರಹಣ ಹೇಗಾಗುತ್ತದೆಂದು ಹೇಳಿಕೊಟ್ಟೆ. ಮರುದಿನ ಮತ್ತೆ ಬಂದರು. "ನಿನ್ನೆಯದ್ದು ದೊಡ್ಡದಾಯಿತು. ಹೇಳಿ ಮುಗಿಸುವಾಗ ಅನ್ನ ತಣ್ಣಗಾಗಿತ್ತು. ಇವತ್ತು ಸಣ್ಣದು ಕೊಡಿ."

ಇನ್ಸ್‌ಪೆಕ್ಟರು

ಶಾಲಾ ಇನ್ಸ್‌ಪೆಕ್ಟರು ಬಂದ ದಿನ ನನ್ನ ಕೆಲಸ ಖಾಯಂ ಆಗುವುದೋ ಹೋಗುವುದೋ ತೀರ್ಮಾನವಾಗಬೇಕಿತ್ತು. ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ನಮ್ಮ ಕಡಲಿನ ಆಚೆ ಯಾವ ದೇಶ ಉಂಟು?"

"ಗಾಳಿನಾಡು!" ಇಡೀ ತರಗತಿ ಕೂಗಿತು.

ನನ್ನ ಕೆಲಸ ಹೋಯಿತೆಂದೇ ಲೆಕ್ಕ. ಇನ್ಸ್‌ಪೆಕ್ಟರು ಜೊತೆಗೆ ಬಂದಿದ್ದ ಹೆಡ್‌ಮಾಸ್ಟರರ ಮುಖ ನೋಡಿದರು. ನಮ್ಮ ಹೆಡ್‌ಮಾಸ್ಟರರು ಗೊತ್ತಿಲ್ಲ ಎಂಬ ಮಾತನ್ನು ಜನ್ಮದಲ್ಲಿ ಆಡಿದವರಲ್ಲ.

"ಯುದ್ಧ ಮುಗಿದ ಮೇಲೆ ಹೊಸ ಹೊಸ ದೇಶಗಳು ಆಗಿವೆಯಲ್ಲ, ಸರ್. ಅದರಲ್ಲಿ ಇದೂ ಒಂದು."

"ಗೊತ್ತುಂಟು, ಗೊತ್ತುಂಟು," ಎಂದರು ಇನ್ಸ್‌ಪೆಕ್ಟರು ತಕ್ಷಣ. "ಪೇಪರಿನಲ್ಲಿ ಓದಿದ್ದೇನೆ. ಹಳೆಯ ಭೂಪಟ ನೋಡಿ ಪಾಠ ಮಾಡುವವರೇ ಹೆಚ್ಚು. ಈ ಮಾಸ್ತರರು ಹಾಗಲ್ಲ, ಇವರನ್ನು ಖಾಯಂ ಮಾಡಿ."

ನನಗೆ ಹೋದ ಜೀವ ಬಂತು. ಆದರೆ ಮೀನಿನ ಬುಟ್ಟಿಯವಳ ಮಗ ಮಾತ್ರ ಇನ್ಸ್‌ಪೆಕ್ಟರ ಮುಖವನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅವರು ಬಾಗಿಲ ಕಡೆ ತಿರುಗಿದಾಗ ಬಗ್ಗಿ ಅವರ ಕೋಟಿನ ಹಿಂಭಾಗವನ್ನೂ ಪರೀಕ್ಷಿಸಿ, ಎಲ್ಲರಿಗೂ ಕೇಳುವಂತೆ ಪಕ್ಕದವನಿಗೆ ಹೇಳಿದ:

"ಕನ್ನಡಕ ಬಂದಾಯ್ತು ಮಾರಾಯ. ಇನ್ನು ಬಾಲ ಮಾತ್ರ ಬಾಕಿ."